ಅವನ ಜೋಡಿ ಯಾರು?

ರನ್ನನ ‘ಗದಾಯುದ್ಧ’ವನ್ನು ಕುರಿತು ಒಂದು ಉಪನ್ಯಾಸ ಕೊಡಬೇಕೆಂದು ಗೋಕಾಕದ ಗೆಳೆಯರು ಕರೆದಿದ್ದರು. ಉಪನ್ಯಾಸವಿದ್ದದ್ದು ಮರುದಿನ ಬೆಳಿಗ್ಗೆ. ನಾನು ಹಿಂದಿನ ದಿನ ಸಂಜೆಗೇ ಹೋಗಿ ಇಳಿದೆ. ಮಳೆಗಾಲ. ಘಟಪ್ರಭೆ ಕೆಂಪು ನೀರು ಹೊತ್ತು ಹರಿಯುತ್ತಿತ್ತು. ಜಲಪಾತ ನೋಡುವ ಮನಸ್ಸಿದ್ದರೂ ಮಳೆ ಬಿಡಲಿಲ್ಲವಾದ್ದರಿಂದ ಅತಿಥೇಯರಾದ ನಿವೃತ್ತ ಮಾಸ್ತರರ ಪಡಸಾಲೆಯಲ್ಲಿಯೇ ಕುಳಿತೆವು. ಹುಕ್ಕೇರಿಯಿಂದ ವಕೀಲರೊಬ್ಬರು ಬಂದಿದ್ದರು. ಮೂಡಲಗಿಯಿಂದ, ಹಿಂದೊಂದು ಕಾಲಕ್ಕೆ ಕುಸ್ತಿ ಹಿಡಿಯುತ್ತಿದ್ದ, ಈಗ ಎಪ್ಪತ್ತು ದಾಟಿದ ಪೈಲವಾನರೊಬ್ಬರು ಬಂದಿದ್ದರು. ಮುಂದೆ ತಾಟಿನಲ್ಲಿ ಕರದಂಟು, ಕೈಯಲ್ಲಿ ಚಹಾ. ಇಷ್ಟಿದ್ದ ಮೇಲೆ ವಾದಕ್ಕೊಂದು ವಿಷಯ ಬೇಡವೇ? ಆ ವಿಷಯ ರನ್ನನೇ ಆಗಬಹುದೆಂದು ನಾನು ಎಣಿಸಿದ್ದೆ. ಆದರೆ ಮಾಸ್ತರರ ಮೊಮ್ಮಗಳು, ಕಾಲೇಜಿಗೆ ಹೋಗುವ ಹುಡುಗಿ, ಫೋನಿನಲ್ಲಿ ಮಹಮ್ಮದ್ ಅಲಿಯ ಹಳೆಯ ಪಂದ್ಯವೊಂದನ್ನು ನೋಡುತ್ತ ಕುಳಿತಿದ್ದಳು. “ಅಜ್ಜಾ, ಎಲ್ಲಾ ಕಾಲಕ್ಕೂ ಇವನ ದೊಡ್ಡ ಬಾಕ್ಸರ್ ಅಂತಾರಲ್ಲ, ಖರೇನ?” ಎಂದು ಆಕೆ ಕೇಳಿದ್ದೇ ತಡ, ರನ್ನನು ಮರುದಿನದವರೆಗೆ ಕಾಯಬೇಕಾಯಿತು.

ಇಂಥ ವಾದಗಳನ್ನು ನಾವು ಹೊತ್ತು ಕಳೆಯುವ ಮಾತೆಂದು ತಿಳಿಯುತ್ತೇವೆ. ನಾನೂ ಹಾಗೆಯೇ ತಿಳಿದು ಕಿವಿಗೊಟ್ಟೆ. ಆದರೆ ಎದ್ದು ಮಲಗಲು ಹೋಗುವ ಹೊತ್ತಿಗೆ, ಬರೆದು ತಂದಿದ್ದ ಉಪನ್ಯಾಸದಲ್ಲಿ ಒಂದು ಪುಟವನ್ನು ಹೊಡೆದುಹಾಕಬೇಕಾಗಿ ಬಂತು. ಹೇಗೆಂಬುದನ್ನು ವಾಚಕರಿಗೆ ತಿಳಿಸುವುದೇ ಈ ಬರಹದ ಉದ್ದೇಶ.

ವಕೀಲರ ಪಕ್ಷ ದಾಖಲೆಯ ಪಕ್ಷ. “ಮಾತು ಯಾಕ ಬೇಕ್ರೀ? ಲೆಕ್ಕ ನೋಡ್ರಿ. ರಾಕಿ ಮಾರ್ಸಿಯಾನೊ 49 ಕಾಳಗ ಮಾಡಿದ, 49 ಗೆದ್ದ. ಸೋಲು ಸೊನ್ನಿ. 1952ರಾಗ ಹೆವಿವೇಟ್ ಪದವಿ ಗೆದ್ದ, 1956ರಾಗ ತಾನಾಗೇ ಬಿಟ್ಟು ಹ್ವಾದ. ಅಲಿ ಐದು ಸಲ ಸೋತಾನ. ಸೋತವ ಸೋಲದವಗಿಂತ ದೊಡ್ಡವ ಹೆಂಗ ಆದ?” ಎಂದು ಅವರು ಕೇಳಿದರು. ಇದಕ್ಕೆ ಉತ್ತರ ಸುಲಭವಲ್ಲ. ಸೊನ್ನೆಯ ಎದುರಿಗೆ ವಾದ ಮಾಡುವುದು ಯಾವಾಗಲೂ ಕಷ್ಟ.

ಮಾಸ್ತರರು ಅಲಿಯ ಪಕ್ಷ. ಅವರಿಗೆ ಬೇಕಾದದ್ದು ಕಥೆ. 1960ರಲ್ಲಿ ರೋಮಿನ ಒಲಿಂಪಿಕ್ಸ್‌ನಲ್ಲಿ ಬಂಗಾರ. 1964ರಲ್ಲಿ, ಯಾರೂ ನಿರೀಕ್ಷಿಸದಿದ್ದಾಗ, ಸನಿ ಲಿಸ್ಟನ್ನನ ಮೇಲೆ ಜಯ. ವಿಯೆಟ್ನಾಮಿನ ಯುದ್ಧಕ್ಕೆ ಹೋಗಲಾರೆನೆಂದದ್ದಕ್ಕೆ 1967ರಲ್ಲಿ ಪದವಿಯನ್ನೂ ಕಳೆದುಕೊಂಡು, ಪ್ರಾಯದ ಮೂರು ವರ್ಷಗಳಿಗೂ ಮಿಕ್ಕಿ ಕಣಕ್ಕೆ ಇಳಿಯದೆ ಇದ್ದದ್ದು. ಮತ್ತೆ 1974ರಲ್ಲಿ ಆಫ್ರಿಕೆಯ ಕಿನ್ಶಾಸಾದಲ್ಲಿ ಜಾರ್ಜ್ ಫೋರ್ಮನ್ನನನ್ನು ಕೆಡವಿದ್ದು. 1978ರಲ್ಲಿ ಮೂರನೆಯ ಸಲ ಪದವಿ ಪಡೆದದ್ದು. “ಇದರಾಗ ಎಷ್ಟು ಮುಷ್ಟಿ ಐತಿ, ಎಷ್ಟು ಮನುಷ್ಯ ಅದಾನ, ಅದನ್ನ ನೋಡಬೇಕು” ಎಂಬುದು ಮಾಸ್ತರರ ವಾದದ ಸಾರ.

ನಾನು, ಹಳೆಯ ಕಾಲದವನಾದ್ದರಿಂದ, ಜೋ ಲೂಯಿಯ ಹೆಸರು ಹೇಳಿದೆ. 1937ರಿಂದ 1949ರವರೆಗೆ, ಹನ್ನೆರಡು ವರ್ಷಕ್ಕೆ ಕೆಲವೇ ತಿಂಗಳು ಕಡಿಮೆ, ಪದವಿಯನ್ನು ಹಿಡಿದುಕೊಂಡವನು. 25 ಸಲ ಅದನ್ನು ಪಣಕ್ಕಿಟ್ಟು ಉಳಿಸಿಕೊಂಡವನು. ಮಾಸ್ತರರು ನಡುವೆ ಬಾಯಿ ಹಾಕಿ, ತೂಕವನ್ನು ಬದಿಗಿಟ್ಟು ನೋಡಿದರೆ ಶುಗರ್ ರೇ ರಾಬಿನ್ಸನ್ನನೇ ಎಲ್ಲರಿಗಿಂತ ಮೇಲೆಂದು ಬಲ್ಲವರು ಹೇಳುತ್ತಾರೆಂದು ಜ್ಞಾಪಿಸಿದರು. ಹುಡುಗಿಗೆ ಇದಾವುದೂ ಸಮಾಧಾನವಾಗಲಿಲ್ಲ. “ಮೇರಿ ಕೋಮ್ ಹೆಸರು ಯಾರೂ ತಗೀವಲ್ರಿ. 2002ರಿಂದ 2018ರೊಳಗ ಆರು ಸಲ ಜಗತ್ತಿನ ಚಾಂಪಿಯನ್ ಆಗ್ಯಾಳ” ಎಂದಳು. ವಕೀಲರು ನಕ್ಕು, ಅದು ಹವ್ಯಾಸಿಗಳ ಪಂದ್ಯ, ಇದು ವೃತ್ತಿಯವರದು, ಎರಡೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ ಎಂದರು. ಆಕೆ ಸುಮ್ಮನಾದಳು; ಆದರೆ ಒಪ್ಪಿ ಸುಮ್ಮನಾದದ್ದಲ್ಲವೆಂಬುದು ಮುಖದ ಮೇಲೆಯೇ ಕಾಣುತ್ತಿತ್ತು.

ಹೀಗೆ ನಾಲ್ಕೈದು ಹೆಸರು ಪಡಸಾಲೆಯಲ್ಲಿ ಸಾಲಾಗಿ ನಿಂತವು. ಇನ್ನು ತೀರ್ಪು ಕೊಡುವವರಾರು? ಇಂಥ ತೀರ್ಪನ್ನು ಯಂತ್ರದಿಂದಲೇ ಪಡೆಯಲು ಅಮೆರಿಕೆಯಲ್ಲಿ ಒಮ್ಮೆ ಪ್ರಯತ್ನ ನಡೆದಿತ್ತೆಂಬುದು ನನಗೆ ನೆನಪಾಗಿ ಹೇಳಿದೆ. 1969ರಲ್ಲಿ ಒಬ್ಬ ರೇಡಿಯೋ ನಿರ್ಮಾಪಕನು ಅಲಿಯ ಮತ್ತು ಮಾರ್ಸಿಯಾನೊನ ಬಲಾಬಲಗಳನ್ನೆಲ್ಲ ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಉಣ್ಣಿಸಿದ. ಇಬ್ಬರನ್ನೂ ಕರೆತಂದು, ಸುತ್ತು ಸುತ್ತಾಗಿ ಹೊಡೆದಾಡಿದಂತೆ ನಟಿಸಲು ಹೇಳಿ, ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರೀಕರಿಸಿದ. ಮಾರ್ಸಿಯಾನೊ ಆಗ ಕಣ ಬಿಟ್ಟು ಹದಿಮೂರು ವರ್ಷವಾಗಿತ್ತು. ಚಿತ್ರ ಹೊರಬರುವ ಮೊದಲೇ, ಆ ವರ್ಷದ ಆಗಸ್ಟ್ 31ರಂದು, ಆತ ವಿಮಾನಾಪಘಾತದಲ್ಲಿ ತೀರಿಕೊಂಡ. 1970ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಅಮೆರಿಕದ ಪ್ರೇಕ್ಷಕರು ಮಾರ್ಸಿಯಾನೊ ಹದಿಮೂರನೆಯ ಸುತ್ತಿನಲ್ಲಿ ಅಲಿಯನ್ನು ಕೆಡವಿದ್ದನ್ನು ನೋಡಿದರು. ಯುರೋಪಿನವರಿಗೆ ತೋರಿಸಿದ ಪ್ರತಿಯಲ್ಲಿ ಗೆದ್ದವನು ಅಲಿ! ಎಲ್ಲರೂ ನಕ್ಕರು. ಯಂತ್ರವೂ ಎದುರಿಗೆ ಕುಳಿತವರ ಮುಖ ನೋಡಿ ಮಾತಾಡುವುದಾದರೆ, ನಮ್ಮ ವಿಮರ್ಶಕರನ್ನು ದೂರಿ ಏನು ಫಲ?

ಅಲ್ಲಿಯವರೆಗೆ ಪೈಲವಾನರು ಮಾತಾಡಿರಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು, ವಕೀಲರ ಕಡೆಗೆ ತಿರುಗಿ, ಒಂದೇ ಮಾತು ಕೇಳಿದರು: “ವಕೀಲರ, ಆ 49 ಮಂದಿ ಯಾರು? ಅಂವನ ಜೋಡಿ ಯಾರು?”

ನಮ್ಮ ಕಡೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಈ ಮಾತಿನ ಅರ್ಥ ಕೂಡಲೇ ಆಗುತ್ತದೆ. ಗೋಡೆಗೆ ಹಚ್ಚಿದ ಕಾಗದದ ಮೇಲೆ ‘ಜಂಗೀ ನಿಕಾಲಿ ಕುಸ್ತಿ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅಂದರೆ, ಚಿತ್ತಾಗುವ ತನಕ ಬಿಡದ ಕುಸ್ತಿ. ಆದರೆ ಆ ಕುಸ್ತಿ ಶುರುವಾಗುವ ಮೊದಲು, ಕಣದ ಬದಿಯಲ್ಲಿ ಇನ್ನೊಂದು ಕೆಲಸ ನಡೆದಿರುತ್ತದೆ. ಹಿರಿಯ ಉಸ್ತಾದರು ಹುಡುಗರನ್ನು ನಿಲ್ಲಿಸಿ, ಭುಜ ಮುಟ್ಟಿ, ಕೈ ಹಿಡಿದು, ಯಾವ ಊರಿನವ, ಯಾವ ತಾಲೀಮಿನವ, ಎಷ್ಟು ವರ್ಷ ಮಣ್ಣು ಕಂಡವ ಎಂದು ಕೇಳಿ, ಇವನಿಗೆ ಇವನು ಎಂದು ಜೋಡಿ ಹಚ್ಚುತ್ತಾರೆ. ಜೋಡಿ ಸರಿಯಾಗಿದ್ದರೆ ಸೋತವನೂ ತಲೆಯೆತ್ತಿ ಹೊರಬರುತ್ತಾನೆ. ಜೋಡಿ ತಪ್ಪಿದರೆ ಗೆದ್ದವನಿಗೂ ಜನ ಚಪ್ಪಾಳೆ ತಟ್ಟುವುದಿಲ್ಲ. ಗೆಲುವನ್ನು ಎಣಿಸುವುದಕ್ಕಿಂತ ಮೊದಲು ಜೋಡಿಯನ್ನು ನೋಡು. ಇದು ಪೈಲವಾನರ ವಿಮರ್ಶಾಸೂತ್ರ.

ಈ ಸೂತ್ರವನ್ನು ಹಿಡಿದು ನೋಡಿದಾಗ ವಕೀಲರ ಸೊನ್ನೆ ಕರಗತೊಡಗಿತು. ಮಾರ್ಸಿಯಾನೊ ನನ್ನ ಜೋ ಲೂಯಿಯನ್ನು ಸೋಲಿಸಿದ್ದು ನಿಜ. ಆದರೆ ಅದು 1951ರ ಅಕ್ಟೋಬರಿನಲ್ಲಿ. ಆಗ ಲೂಯಿಗೆ 37 ವರ್ಷ, ಪದವಿ ಬಿಟ್ಟುಕೊಟ್ಟು ಎರಡು ವರ್ಷ ಕಳೆದಿತ್ತು. ಎಂಟನೆಯ ಸುತ್ತಿನಲ್ಲಿ ಲೂಯಿಯನ್ನು ಕೆಡವಿದ ಮಾರ್ಸಿಯಾನೊ, ತಾನು ಆರಾಧಿಸುತ್ತಿದ್ದ ವೀರನನ್ನೇ ಕೆಡವಿದೆನೆಂದು ಆಮೇಲೆ ಅತ್ತನೆಂದು ಹೇಳುತ್ತಾರೆ. ಗೆದ್ದವನಿಗೇ ಗೊತ್ತಿತ್ತು, ಜೋಡಿ ಸರಿಯಾಗಿರಲಿಲ್ಲವೆಂಬುದು. ಸೊನ್ನೆಯೇ ಪ್ರಮಾಣವೆಂದರೆ ಫ್ಲಾಯ್ಡ್ ಮೇವೆದರನು 2017ರಲ್ಲಿ 50 ಕಾಳಗ ಗೆದ್ದು ಒಂದೂ ಸೋಲದೆ ನಿವೃತ್ತನಾದ. ಮಾರ್ಸಿಯಾನೊನಿಗಿಂತ ಒಂದು ಹೆಚ್ಚು. ಆದರೆ ಆ ಐವತ್ತನೆಯ ಎದುರಾಳಿ ಬೇರೊಂದು ಬಗೆಯ ಹೋರಾಟದಿಂದ ಬಂದು, ವೃತ್ತಿಯ ಮುಷ್ಟಿಕಣದಲ್ಲಿ ಅಂದೇ ಮೊದಲ ಸಲ ಕಾಲಿಟ್ಟವನು. ಲೆಕ್ಕದಲ್ಲಿ ಅದೂ ಒಂದು. ಜೋಡಿಯ ದೃಷ್ಟಿಯಲ್ಲಿ ಎಷ್ಟೆಂಬುದನ್ನು ವಕೀಲರೇ ಹೇಳಲಾರದಾದರು.

ಅದೇ ಸೂತ್ರದಿಂದ ನನ್ನ ಲೂಯಿಯೂ ಬೇರೆಯಾಗಿ ಕಂಡ. ಆತನ 25 ವಿಜಯಗಳನ್ನು ಎಣಿಸುತ್ತಿದ್ದ ನಾನು, ಅವುಗಳಲ್ಲಿ ಒಂದೇ ಒಂದನ್ನು ಹಿಡಿದು ಮಾತಾಡಬೇಕಿತ್ತು. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಲೂಯಿಯನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದ್ದ. ಮರುವರ್ಷ ಪದವಿ ಬಂದಾಗಲೂ, ಶ್ಮೆಲಿಂಗನನ್ನು ಗೆಲ್ಲುವ ತನಕ ತನ್ನನ್ನು ಚಾಂಪಿಯನ್ ಎಂದು ಕರೆಯಬೇಡಿರೆಂಬ ಅರ್ಥದ ಮಾತನ್ನು ಲೂಯಿ ಆಡಿದ. 1938ರ ಜೂನ್ 22ರಂದು ಮೊದಲ ಸುತ್ತಿನಲ್ಲಿಯೇ, ಎರಡು ನಿಮಿಷ ಚಿಲ್ಲರೆಯಲ್ಲಿ, ಕೆಲಸ ಮುಗಿಸಿದ. ಪದವಿಯನ್ನು ಕೊಡುವುದು ಮಂಡಳಿ. ಆದರೆ ತಾನು ಯಾರೆಂಬುದನ್ನು ಹೇಳುವವನು ತನ್ನ ಜೋಡಿ ಎಂಬುದನ್ನು ಲೂಯಿ ಬಲ್ಲವನಾಗಿದ್ದ. ಹಾಗೆಯೇ ಅಲಿ. ಫ್ರೇಜಿಯರನಿಲ್ಲದೆ ಅಲಿಯಿಲ್ಲ. 1971ರಲ್ಲಿ ಫ್ರೇಜಿಯರ್ ಗೆದ್ದ, 1974ರಲ್ಲಿ ಅಲಿ ಗೆದ್ದ, 1975ರಲ್ಲಿ ಮನಿಲಾದಲ್ಲಿ ಹದಿನಾಲ್ಕು ಸುತ್ತು ಕಾದಾಡಿದ ಮೇಲೆ, ಕಣ್ಣು ಕಾಣದಂತಾಗಿದ್ದ ಫ್ರೇಜಿಯರನನ್ನು ಅವನ ಗುರುವೇ ಮುಂದೆ ಬಿಡಲಿಲ್ಲ. ಅಲಿಯೂ ಆ ಹೊತ್ತಿಗೆ ಸಾವನ್ನು ಕಂಡು ಬಂದವನಂತೆ ಇದ್ದ.

ಇಲ್ಲಿ ಮಾಸ್ತರರಿಗೂ ಒಂದು ಪೆಟ್ಟು ಬಿತ್ತು. ಅಲಿ ಕಣದಿಂದ ಹೊರಗಿದ್ದ ಕಷ್ಟದ ದಿನಗಳಲ್ಲಿ ಅವನಿಗೆ ನೆರವಾದವರಲ್ಲಿ ಫ್ರೇಜಿಯರನೂ ಒಬ್ಬ. ಅಂಥವನನ್ನು ಅಲಿ ಪತ್ರಿಕೆಯವರ ಮುಂದೆ ಗೊರಿಲ್ಲಾ ಎಂದು ಹೀನಾಯವಾಗಿ ಆಡಿಕೊಂಡ. ಆ ಗಾಯವನ್ನು ಫ್ರೇಜಿಯರ್ ಬಹುಕಾಲ ಮರೆಯಲಿಲ್ಲ. ನಾನು ಇದನ್ನು ಹೇಳಿದಾಗ ಪೈಲವಾನರು ತಲೆಯಾಡಿಸಿದರು. “ಕಣಕ್ಕ ಇಳಿದ ಮ್ಯಾಲೆ ಮೊದಲ ಮಣ್ಣು ತಗೊಂಡು ಜೋಡೀ ಕೈಗೆ ಕೊಡ್ತೀವ್ರೀ. ಅದರ ಮ್ಯಾಲೆ ಹಿಡೀತೀವಿ. ಜೋಡೀಗೆ ಮರ್ಯಾದಿ ಕೊಡದವ ಗೆದ್ದರ, ಗೆದ್ದಾನಂತ ಬರೀಬೇಕು, ದೊಡ್ಡವ ಅಂತ ಬರೀಬಾರದು.”

ಆಮೇಲೆ ಅವರು ಗಾಮಾನ ಮಾತು ತೆಗೆದರು. ಗಾಮಾ ಸೋಲೇ ಕಾಣದ ಮಲ್ಲ; ವಕೀಲರ ಸೊನ್ನೆ ಅವನಿಗೂ ಸಲ್ಲಬೇಕು. 1910ರಲ್ಲಿ ಲಂಡನ್ನಿಗೆ ಹೋಗಿ, ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್ಬಿಸ್ಕೊನೊಡನೆ ಸೆಣಸಿದ. ಜ್ಬಿಸ್ಕೊ ಎರಡೂವರೆ ಗಂಟೆಗಳ ಬಹುಭಾಗ ಹೊಟ್ಟೆಯ ಮೇಲೆ ನೆಲಕ್ಕಂಟಿ ಮಲಗಿಯೇ ಕಳೆದ, ಕುಸ್ತಿ ಬರೋಬರಿಯಾಯಿತು. ಮತ್ತೊಂದು ದಿನ ಗೊತ್ತುಮಾಡಿದರೆ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಇಬ್ಬರೂ ಎದುರಾದಾಗ ಗಾಮಾ ಒಂದು ನಿಮಿಷದೊಳಗೇ ಅವನನ್ನು ಚಿತ್ತು ಮಾಡಿದ. ಜಗತ್ತು ಗಾಮಾನನ್ನು ಅಳೆಯುವುದು ಈ ಎರಡು ಕುಸ್ತಿಗಳಿಂದ. ಆದರೆ ಪೈಲವಾನರು ಹೇಳಿದ ಹೆಸರು ಜ್ಬಿಸ್ಕೊನದಲ್ಲ, ರಹೀಂ ಸುಲ್ತಾನಿವಾಲಾನದು. ಗಾಮಾನಿಗಿಂತ ಬಹಳ ಎತ್ತರದ, ವಯಸ್ಸಿನಲ್ಲೂ ಹಿರಿಯನಾದ ಈ ಮಲ್ಲನೊಡನೆ ಗಾಮಾನ ಕುಸ್ತಿ ಹಲವು ಸಲ ಬರೋಬರಿಯಾಗಿ, ಕೊನೆಗೆ ಅಲಾಹಾಬಾದಿನಲ್ಲಿ ಗಾಮಾ ಮೇಲಾದ. ತನಗೆ ಅತಿ ಕಠಿಣನಾದ ಎದುರಾಳಿ ಯಾರೆಂದು ಕೇಳಿದಾಗ ಗಾಮಾ ಹೇಳುತ್ತಿದ್ದುದೂ ರಹೀಮನ ಹೆಸರನ್ನೇ ಎಂದು ಕುಸ್ತಿಲೋಕದಲ್ಲಿ ಹೇಳುತ್ತಾರೆ.

“ನಮ್ಮ ಖಂಚನಾಳೆಯವರನ್ನ ತಗೋರಿ” ಎಂದು ಅವರು ಮುಂದುವರಿಸಿದರು. ಶ್ರೀಪತಿ ಖಂಚನಾಳೆ ಚಿಕ್ಕೋಡಿ ಸೀಮೆಯ ಯಕ್ಸಂಬಾದವರು. ಹುಕ್ಕೇರಿಯ ಮಗ್ಗುಲಿನ ನೆಲ. ಶಾಹು ಮಹಾರಾಜರ ಕಾಲದಿಂದ ಕುಸ್ತಿಯ ರಾಜಧಾನಿಯಾಗಿದ್ದ ಕೊಲ್ಲಾಪುರದಲ್ಲಿ ಪಳಗಿ, 1959ರಲ್ಲಿ ಮೊಟ್ಟಮೊದಲನೆಯ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಗಡಿಯ ಎರಡೂ ಕಡೆಯವರು ಅವರು ನಮ್ಮವರೆಂದರು, ಎರಡೂ ನಿಜ. “ನಾ ಸಣ್ಣವ ಇದ್ದಾಗ ನಮ್ಮ ಉಸ್ತಾದರು ಅವರ ಹೆಸರು ಹೇಳಿ ಬೈಠಕ್ ಹೊಡಸ್ತಿದ್ರು. ಆದರ ಬರೇ ಅವರ ಹೆಸರು ಹೇಳ್ತಿದ್ದಿಲ್ಲ. ದಿಲ್ಲಿಯೊಳಗ ಬಂತಾಸಿಂಗನ್ನ ಕೆಡವಿದ ಖಂಚನಾಳೆ ಅಂತಿದ್ರು. ಬಂತಾಸಿಂಗನ್ನ ಬಿಟ್ಟರ ಆ ಮಾತು ಅರ್ಧಾ ಆಗ್ತದ.”

ಆಗ ಹುಡುಗಿ ಮತ್ತೆ ಮಾತಾಡಿದಳು. “ಕಾಕಾ, ಜೋಡಿನ ಕೊಡದ ಇದ್ರ?”

ಆ ಸಂಜೆಯ ಅತಿ ಕಠಿಣ ಪ್ರಶ್ನೆ ಇದೇ ಎಂದು ನನಗೆ ಈಗಲೂ ಅನಿಸುತ್ತದೆ. ಅಮೆರಿಕೆಯ ಮುಷ್ಟಿಯುದ್ಧದ ಚರಿತ್ರೆಯಲ್ಲಿ ಬಿಳಿಯ ವಿಜೇತರು ಕರಿಯರೊಡನೆ ಪದವಿಗಾಗಿ ಹೋರಾಡುವುದೇ ಇಲ್ಲವೆಂದು ಗೆರೆ ಎಳೆದಿದ್ದರು. ಜಾಕ್ ಜಾನ್ಸನ್ ವಿಜೇತನ ಬೆನ್ನು ಹತ್ತಿ ದೇಶ ದೇಶ ಅಲೆದು, 1908ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಹಿಡಿದು ಗೆದ್ದ. ಹೆವಿವೇಟ್ ಪದವಿ ಪಡೆದ ಮೊದಲ ಕರಿಯನು ಅವನೇ. 1915ರಲ್ಲಿ ಆತ ಸೋತ ಮೇಲೆ, 1937ರಲ್ಲಿ ಲೂಯಿ ಬರುವ ತನಕ, ಇನ್ನೊಬ್ಬ ಕರಿಯನಿಗೆ ಆ ಪದವಿಗಾಗಿ ಹೋರಾಡುವ ಅವಕಾಶವನ್ನೇ ಕೊಡಲಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಮಹಾ ಮುಷ್ಟಿಮಲ್ಲ ಪದವಿಯ ಕಣಕ್ಕೆ ಒಮ್ಮೆಯೂ ಕಾಲಿಡದೆ ಮುದುಕನಾದ. ಮೊದಲೊಮ್ಮೆ ಅವನನ್ನು ಗೆದ್ದಿದ್ದ ಜಾನ್ಸನ್ ಕೂಡ, ತಾನು ವಿಜೇತನಾಗಿದ್ದಾಗ, ಅವನಿಗೆ ಆ ಅವಕಾಶ ಕೊಡಲಿಲ್ಲ. ನಮ್ಮ ಪಟ್ಟಿಗಳಲ್ಲಿ ಇಂಥವರ ಹೆಸರು ಎಲ್ಲಿ ಬರಬೇಕು? ಮೇರಿ ಕೋಮಳ ಮಾತೂ ಇದೇ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮುಷ್ಟಿಯುದ್ಧ ಮೊದಲು ನಡೆದದ್ದು 2012ರಲ್ಲಿ. ಅದಕ್ಕೆ ಮೊದಲೇ ಆಕೆ ಐದು ಸಲ ವಿಶ್ವವಿಜೇತೆ. ಅಲ್ಲಿಯೂ ಆಕೆಗೆ ಒಗ್ಗಿದ ತೂಕದ ವಿಭಾಗವಿರಲಿಲ್ಲ. 51 ಕಿಲೋದ ವಿಭಾಗಕ್ಕೆ ಏರಿ, ತನಗಿಂತ ದೊಡ್ಡವರೊಡನೆ ಕಾದು ಕಂಚು ತಂದಳು. ಪೈಲವಾನರು ಬಹಳ ಹೊತ್ತು ಯೋಚಿಸಿ, “ಜೋಡಿ ಕೊಡದಿದ್ರ ತಪ್ಪು ಕಣದ್ದು, ಪೈಲವಾನಂದಲ್ಲ. ಹುಡುಗಿ ಹೇಳೂದು ಖರೇ ಐತಿ” ಎಂದರು. ವಕೀಲರು ಈ ಸಲ ನಗಲಿಲ್ಲ.

ಮಳೆ ನಿಂತಿತು, ಊಟವಾಯಿತು. ನಾನು ಮಲಗುವ ಕೋಣೆಗೆ ಬಂದು ಮರುದಿನದ ಉಪನ್ಯಾಸದ ಹಾಳೆಗಳನ್ನು ತೆಗೆದೆ. ತೆಗೆದವನು ಅಲ್ಲಿಯೇ ನಿಂತೆ.

ಏಕೆಂದರೆ ಪಡಸಾಲೆಯಲ್ಲಿ ನಾವು ಆಡಿದ ವಾದವನ್ನು ವ್ಯಾಸರು ಎಂದೋ ಆಡಿ ಮುಗಿಸಿದ್ದರು. ಶಲ್ಯಪರ್ವದಲ್ಲಿ ಭೀಮದುರ್ಯೋಧನರು ಗದೆ ಹಿಡಿದು ನಿಂತಾಗ ಅರ್ಜುನನು ಕೃಷ್ಣನನ್ನು ಕೇಳುವುದೂ ಇದನ್ನೇ: ಇವರಿಬ್ಬರಲ್ಲಿ ಹಿರಿಯನಾರು? ಕೃಷ್ಣನ ಉತ್ತರ ನುರಿತ ಉಸ್ತಾದನ ಉತ್ತರ. ಕಲಿತ ವಿದ್ಯೆ ಇಬ್ಬರದೂ ಸಮ. ಬಲದಲ್ಲಿ ಭೀಮ ಮೇಲು. ಆದರೆ ಸಾಧನೆಯಲ್ಲಿ ದುರ್ಯೋಧನ ಮೇಲು. ಧರ್ಮದ ರೀತಿಯಲ್ಲಿ ಕಾದಿದರೆ ಭೀಮ ಗೆಲ್ಲಲಾರ. ಇಷ್ಟು ನಿಷ್ಪಕ್ಷಪಾತವಾದ ತೀರ್ಪನ್ನು ಪಾಂಡವಪಕ್ಷದವನ ಬಾಯಿಂದಲೇ ಹೇಳಿಸಿದ್ದಾರೆ. ದುರ್ಯೋಧನನ ಸಾಧನೆಯಾದರೂ ಎಂಥದು? ಹದಿಮೂರು ವರ್ಷ, ಪಾಂಡವರು ವನವಾಸ ಅಜ್ಞಾತವಾಸಗಳಲ್ಲಿ ಕಳೆದಷ್ಟು ಕಾಲ, ಆತ ಭೀಮನ ಕಬ್ಬಿಣದ ಪ್ರತಿಮೆಯೊಂದನ್ನು ನಿಲ್ಲಿಸಿಕೊಂಡು ಅದರ ಮೇಲೆ ಗದೆಯ ಅಭ್ಯಾಸ ಮಾಡಿದ. ಜೋಡಿ ಎದುರಿಗಿಲ್ಲದಿದ್ದಾಗಲೂ ಜೋಡಿಯನ್ನು ಬಿಡಲಿಲ್ಲ. ಕೊನೆಗೆ ಭೀಮನ ಪೆಟ್ಟು ತೊಡೆಗೆ ಬಿತ್ತು. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ; ಇಂದಿನ ಮುಷ್ಟಿಯುದ್ಧದಲ್ಲಿಯೂ ನಡುಪಟ್ಟಿಯ ಕೆಳಗೆ ಹೊಡೆಯುವುದು ತಪ್ಪು. ಬಲರಾಮನು ನೇಗಿಲೆತ್ತಿ ಸಿಟ್ಟಾದದ್ದು ಅದಕ್ಕೇ. ಲೆಕ್ಕದ ಪುಸ್ತಕದಲ್ಲಿ ಗೆಲುವು ಭೀಮನದು. ಆದರೆ ಯಾರು ಹಿರಿಯನೆಂಬ ವಾದ ಆ ಗೆಲುವಿನಿಂದ ಮುಗಿಯಲಿಲ್ಲ.

ಮುಗಿಯದ ಆ ವಾದವನ್ನು ಕನ್ನಡದಲ್ಲಿ ಎತ್ತಿಕೊಂಡವನು ರನ್ನ. ಮೂಡಲಗಿಯಿಂದ ಹೆಚ್ಚು ದೂರವಲ್ಲದ ಮುಧೋಳದವನು, ಬಳೆಗಾರರ ಮನೆತನದವನು. ತನ್ನ ಒಡೆಯನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ಕಾವ್ಯಕ್ಕೆ ‘ಸಾಹಸಭೀಮ ವಿಜಯ’ ಎಂಬ ಹೆಸರನ್ನೂ ಇಟ್ಟ. ಆದರೂ ಓದಿ ಮುಗಿಸಿದವರ ಎದೆಯಲ್ಲಿ ಉಳಿಯುವವನು ದುರ್ಯೋಧನ. ಸತ್ತವರ ನಡುವೆ ರಣರಂಗದಲ್ಲಿ ನಡೆಯುತ್ತ, ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ಆತ ನಿಂತು, ಅಂಥ ಸಾವಿನ ಒಂದು ಪಾಲಾದರೂ ತನಗೆ ಬರಲೆಂದು ಬಯಸುತ್ತಾನೆ. ಭೀಮನ ಕೂಗು ಕೇಳಿ ಕೊಳದಲ್ಲಿ ಅಡಗಿ ಕೂಡಲಾರದೆ ಎದ್ದು ಬರುತ್ತಾನೆ. ಹಾಗಾದರೆ ಈ ಕಾವ್ಯದ ನಾಯಕ ಯಾರು, ಭೀಮನೋ ದುರ್ಯೋಧನನೋ ಎಂದು ನಮ್ಮ ಪಂಡಿತರು ದಶಕಗಳ ಕಾಲ ವಾದಿಸಿದ್ದಾರೆ. ಬಿ. ಎಂ. ಶ್ರೀಕಂಠಯ್ಯನವರು ಇದೇ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಎಂಬ ದುರಂತ ನಾಟಕವನ್ನು ರಚಿಸಿದರು. ನಾನೂ ನನ್ನ ಹಾಳೆಗಳಲ್ಲಿ ಒಂದು ಪಕ್ಷ ಹಿಡಿದು ಬರೆದಿದ್ದೆ. ಪೈಲವಾನರ ಮಾತು ಕೇಳಿದ ಮೇಲೆ ಅನಿಸಿತು: ರನ್ನ ಒಬ್ಬ ನಾಯಕನನ್ನು ಕಟ್ಟಲಿಲ್ಲ, ಒಂದು ಜೋಡಿಯನ್ನು ಕಟ್ಟಿದ. ತನ್ನ ಒಡೆಯನಾದ ಭೀಮನನ್ನು ಹಿರಿದಾಗಿಸಲು ಅವನಿಗೆ ಇದ್ದದ್ದು ಒಂದೇ ದಾರಿ: ದುರ್ಯೋಧನನನ್ನು ಹಿರಿದಾಗಿಸುವುದು. ಎದುರಾಳಿಯನ್ನು ಕುಗ್ಗಿಸಿ ಗೆದ್ದವನನ್ನು ಹೊಗಳುವ ಹೊಗಳುಭಟ ಅವನಾಗಿರಲಿಲ್ಲ.

ನಾನು ಹೊಡೆದುಹಾಕಿದ ಪುಟ ಇದಲ್ಲ; ಇದರ ಮುಂದಿನದು. ಅಲ್ಲಿ ನಾನು, ಪಂಪನೇ ಹಿರಿಯ, ರನ್ನನು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಎಂದು ಅಂಕ ಹಾಕಿ ಕೂಡಿಸಿದ್ದೆ. ರನ್ನನ ವಸ್ತು ಪಂಪಭಾರತದ ಹದಿಮೂರನೆಯ ಆಶ್ವಾಸದಲ್ಲಿಯೇ ಇದೆಯೆಂಬುದು ಎಲ್ಲರಿಗೂ ತಿಳಿದ ಮಾತು. ಆದ್ದರಿಂದ ಅವನು ಸಾಲಗಾರ, ಸಾಲ ಕೊಟ್ಟವನು ದೊಡ್ಡವನು ಎಂಬುದು ನನ್ನ ತರ್ಕ. ಆ ರಾತ್ರಿ ಅದೇ ಸಂಗತಿ ಬೇರೆಯಾಗಿ ಕಂಡಿತು. ಪಂಪ ತನ್ನ ಭಾರತವನ್ನು 941ರಲ್ಲಿ ಮುಗಿಸಿದ. ರನ್ನ ಹುಟ್ಟಿದ್ದು 949ರಲ್ಲಿ. ಇಬ್ಬರೂ ಒಂದೇ ಕಣದಲ್ಲಿ ಒಂದೇ ಪ್ರಾಯದಲ್ಲಿ ಇಳಿಯುವಂತಿರಲಿಲ್ಲ. ಹಾಗಿದ್ದೂ ರನ್ನ ಪಂಪನ ಒಂದು ಆಶ್ವಾಸವನ್ನು ಕಬ್ಬಿಣದ ಪ್ರತಿಮೆಯಂತೆ ಎದುರಿಗೆ ನಿಲ್ಲಿಸಿಕೊಂಡು, ಅದರ ಮೇಲೆ ತನ್ನ ಗದೆಯನ್ನು ಎತ್ತಿ ಎತ್ತಿ ಹೊಡೆದು, ಒಂದು ಆಶ್ವಾಸವನ್ನು ಹತ್ತು ಆಶ್ವಾಸವಾಗಿ ಬೆಳೆಸಿದ. ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಷ್ಟು ಎದೆಯಿದ್ದೀತು ಎಂದು ತೊಡೆ ತಟ್ಟಿ ಕೇಳಿದ ಕವಿ ಅವನು. ಬೇರೆ ಬೇರೆ ಕಾಲದವರನ್ನು ಜೋಡಿ ಹಚ್ಚುವ ಕೆಲಸ ಅಮೆರಿಕೆಯ ಕಂಪ್ಯೂಟರಿಗೆ ಸಾಧ್ಯವಾಗಲಿಲ್ಲ. ಹಿಂದಿನವನನ್ನು ತನ್ನ ಜೋಡಿಯೆಂದು ತಾನೇ ಬಗೆದು, ಅವನಿಗೆ ತಕ್ಕವನಾಗಲು ಬೆವರು ಸುರಿಸಿದ ಮುಂದಿನವನಿಗೆ ಅದು ಸಾಧ್ಯವಾಗುತ್ತದೆ. ಅಂಥಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಕೇಳುವವನು ಕುಸ್ತಿಯನ್ನೇ ನೋಡಿರುವುದಿಲ್ಲ.

ನಮ್ಮ ವಿಮರ್ಶೆಗೆ ಈ ನಿಕಾಲಿಯ ಚಟ ಬಹಳ ದಿನದಿಂದ ಅಂಟಿಕೊಂಡಿದೆ. ಪಂಪನೋ ರನ್ನನೋ, ಪಂಪನೋ ಕುಮಾರವ್ಯಾಸನೋ, ಕುವೆಂಪು ಅವರೋ ಬೇಂದ್ರೆಯವರೋ ಎಂದು ಕೇಳಿ, ಒಬ್ಬರನ್ನು ಚಿತ್ತು ಮಾಡಿದ ಹೊರತು ನಮಗೆ ನಿದ್ದೆ ಬಾರದು. ಆದರೆ ಇದೇ ಸೀಮೆಯ ಜನರಿಗೆ ಇದಕ್ಕಿಂತ ಒಳ್ಳೆಯ ರೀತಿಯೊಂದು ಗೊತ್ತು. ಗೀಗೀ ಮೇಳಗಳ ಹರದೇಶಿ ನಾಗೇಶಿ ವಾದವನ್ನು ಕೇಳಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ಗಂಡು ಹೆಚ್ಚೆಂದು ಹರದೇಶಿಯವರು, ಹೆಣ್ಣು ಹೆಚ್ಚೆಂದು ನಾಗೇಶಿಯವರು ರಾತ್ರಿಯಿಡೀ ಸವಾಲು ಹಾಕುತ್ತಾರೆ, ಜವಾಬು ಕೊಡುತ್ತಾರೆ. ಬೆಳಗಿನ ಜಾವ ಎದ್ದು ಹೋಗುವ ಕೇಳುಗರು ಗಂಡು ಗೆದ್ದಿತೋ ಹೆಣ್ಣು ಗೆದ್ದಿತೋ ಎಂದು ಲೆಕ್ಕ ಹಾಕುವುದಿಲ್ಲ. ಎಂಥ ಸವಾಲಿಗೆ ಎಂಥ ಜವಾಬು ಬಂತೆಂದು ಆಡಿಕೊಳ್ಳುತ್ತ ಹೋಗುತ್ತಾರೆ. ಎದುರಿನ ಮೇಳ ಬಡವಾಗಿದ್ದರೆ ಗೆದ್ದ ಮೇಳಕ್ಕೂ ಕಳೆಯಿಲ್ಲ. ಮಾಸ್ತರರ ಮೊಮ್ಮಗಳು ಕೇಳಿದ ನ್ಯಾಯವೂ ಅಲ್ಲಿದೆ: ಹೆಣ್ಣಿಗೆ ಅಲ್ಲಿ ಕಣವುಂಟು, ಸಮನಾದ ಜೋಡಿಯುಂಟು.

ಹಾಗಾದರೆ ಎಲ್ಲರೂ ಸಮಾನರೇ, ಹೆಚ್ಚು ಕಡಿಮೆಯೆಂಬುದೇ ಇಲ್ಲವೇ ಎಂದು ವಾಚಕರು ಕೇಳಬಹುದು. ನಾನು ಹಾಗೆನ್ನಲಾರೆ. ಉಸ್ತಾದರು ಜೋಡಿ ಹಚ್ಚುವಾಗ ಕೈ ಮುಟ್ಟಿ ನೋಡುವುದೇ ಹೆಚ್ಚು ಕಡಿಮೆ ಇದೆಯೆಂದು. ಕುಸ್ತಿಯಲ್ಲಿ ಕಳಪೆಯವರಿದ್ದಾರೆ, ಕಾವ್ಯದಲ್ಲಿಯೂ ಇದ್ದಾರೆ. ಅದನ್ನು ಹೇಳದ ವಿಮರ್ಶೆ ಉಪಚಾರದ ಮಾತಾಗುತ್ತದೆ. ನನ್ನ ಮಾತಿಷ್ಟೇ: ಹಿರಿಯರಲ್ಲಿ ಹಿರಿಯನನ್ನು ಹುಡುಕುವಾಗ ಗೆಲುವಿನ ಪಟ್ಟಿಯನ್ನು ಹಿಡಿಯದೆ ಮೂರು ಪ್ರಶ್ನೆ ಕೇಳೋಣ. ಅವನ ಎದುರಿಗೆ ನಿಂತವನು ಯಾರು? ನಿಂತವನನ್ನು ಅವನು ಹೇಗೆ ನಡೆಸಿಕೊಂಡ? ನಿಲ್ಲಬೇಕಾಗಿದ್ದವನನ್ನು ಯಾರಾದರೂ ಬಾಗಿಲಲ್ಲಿಯೇ ತಡೆದರೇ? ಈ ಮೂರನ್ನು ಕೇಳಿದ ಮೇಲೆ, ನನ್ನ ಮಟ್ಟಿಗೆ ಅಲಿಯ ಹೆಸರಿಗಿಂತ ಅಲಿ–ಫ್ರೇಜಿಯರ್ ಎಂಬ ಜೋಡಿ ಹೆಸರು ಹೆಚ್ಚು ಸತ್ಯವಾಗಿ ಕೇಳಿಸುತ್ತದೆ. ಮತ್ತು ಲ್ಯಾಂಗ್‌ಫರ್ಡ್‌ನ ಹೆಸರಿಲ್ಲದ ಯಾವ ಪಟ್ಟಿಯನ್ನೂ ನಾನು ನಂಬಲಾರೆ.

ಮರುದಿನ ಉಪನ್ಯಾಸ ಮಾಡಿದೆ. ಪಂಪನಿಗೂ ರನ್ನನಿಗೂ ಅಂಕ ಹಾಕಿದ ಪುಟವನ್ನು ಬಿಟ್ಟು, ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಓದಿದೆ. ಪೈಲವಾನರು ಹಿಂದಿನ ಸಾಲಿನಲ್ಲಿ ಕುಳಿತು ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ಮೂಡಲಗಿಯ ಬಸ್ಸಿಗೆ ಅವರನ್ನು ಹತ್ತಿಸಲು ನಿಲ್ದಾಣದ ತನಕ ಹೋದೆ. ದಾರಿಯಲ್ಲಿ, ನಿಮ್ಮ ಜೋಡಿ ಯಾರಿದ್ದರು ಎಂದು ಕೇಳಿದೆ. ಹುಕ್ಕೇರಿ ಕಡೆಯ ಒಂದು ಹಳ್ಳಿಯವನ ಹೆಸರು ಹೇಳಿದರು. ಎಷ್ಟೋ ಜಾತ್ರೆಗಳಲ್ಲಿ ಇಬ್ಬರೂ ಹಿಡಿದಿದ್ದರಂತೆ. ಇವರು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಂತೆ.

“ಅಂವಾ ಹ್ವಾದ ವರ್ಷ ತೀರಿಕೊಂಡ್ರೀ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ನಾ ಹೆಂಗ ಹಿಡೀತಿದ್ನಿ ಅಂತ ಹೇಳಾಕ ಯಾರೂ ಉಳಿದಿಲ್ಲ ನೋಡ್ರಿ. ಮಂದಿ ದೂರ ಕುಂತು ನೋಡಿದ್ರು. ಕೈ ಹಿಡಿದು ನೋಡಿದವ ಅವನೊಬ್ಬ” ಎಂದರು.

ಬಸ್ಸು ಬಂತು. ಹತ್ತುವ ಮೊದಲು ಅವರು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಒಮ್ಮೆ ಒತ್ತಿದರು. ಆ ವಯಸ್ಸಿನಲ್ಲಿಯೂ ಆ ಹಿಡಿತದಲ್ಲಿ ಬಲವಿತ್ತು.